ಪ್ರಾರ್ಥನೆಯೂ ದೇವರ ಸ್ವಭಾವವೂ

ಕ್ರೈಸ್ತರ ಪ್ರಾರ್ಥನೆಯೆಂದರೆ ನಮಗೇನೂ ತಿಳಿಯದು ಎನ್ನುವ ಕನ್ನಡಿಗರು ನಮ್ಮ ಬಳಗದಲ್ಲಿ ಬಹು ಮಂದಿ ಇದ್ದಾರೆ. ಆದರೆ ಅವರಲ್ಲಿ ಎಷ್ಟೋ ಜನ ಶಾಲೆಯ ದಿನಗಳಲ್ಲಿ, ಬೆಳಗಿನ ಗಂಟೆ ಹೊಡೆದ ಮೇಲೆ ಸಾಲಾಗಿ ನಿಂತು, ಕ್ರೈಸ್ತ ಪ್ರಾರ್ಥನೆಯೊಂದನ್ನು ನೂರಾರು ಸಲ ಹಾಡಿದವರೇ. ಜಾನ್ ಹೆನ್ರಿ ನ್ಯೂಮನ್ ಬರೆದು ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಬೆಳಕಿನ ಗೀತೆ ಅದು. ಬಿ.ಎಂ.ಶ್ರೀಯವರ ಕೈಯಲ್ಲಿ ಅದು ಎಷ್ಟು ಕನ್ನಡವಾಯಿತೆಂದರೆ, ಇಂಗ್ಲೆಂಡಿನ ಪಾದ್ರಿಯೊಬ್ಬನ ಪ್ರಾರ್ಥನೆಯನ್ನು ಹಾಡುತ್ತಿದ್ದೇವೆಂಬ ಅರಿವೂ ಇಲ್ಲದೆ ಮೂರು ತಲೆಮಾರಿನ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು.

ಆ ಗೀತೆ ಹುಟ್ಟಿದ ಸಂದರ್ಭ ನೆನೆಯತಕ್ಕದ್ದು. 1833ರ ಜೂನ್ ತಿಂಗಳು. ಮೂವತ್ತೆರಡು ವರ್ಷದ ನ್ಯೂಮನ್ ಸಿಸಿಲಿ ದ್ವೀಪದಲ್ಲಿ ಕಠಿಣವಾದ ಜ್ವರಕ್ಕೆ ಸಿಕ್ಕಿ, ಸಾವಿನ ಬಾಗಿಲಿಗೆ ಹೋಗಿ ಹಿಂದಿರುಗಿದ್ದ. ಊರು ಸೇರುವ ಆತುರದಲ್ಲಿ ಕಿತ್ತಳೆಹಣ್ಣು ಸಾಗಿಸುವ ಹಡಗೊಂದನ್ನು ಹತ್ತಿ ಪಾಲೆರ್ಮೊ ಪಟ್ಟಣದಿಂದ ಮಾರ್ಸೇಲ್ಸಿಗೆ ಹೊರಟ. ನಡುದಾರಿಯಲ್ಲಿ ಗಾಳಿ ಬಿದ್ದುಹೋಯಿತು. ಬೊನಿಫಾಸಿಯೋ ಜಲಸಂಧಿಯಲ್ಲಿ ಹಡಗು ದಿನಗಟ್ಟಲೆ ಕದಲದೆ ನಿಂತಿತು. ಪದ್ಯ ಬರೆದದ್ದು ಆಗ. ಹಾಯಿಹಡಗಿನಲ್ಲಿ ಗಾಳಿಯಿಲ್ಲದೆ ಕುಳಿತ ಮನುಷ್ಯ ಸಹಜವಾಗಿ ಏನನ್ನು ಬೇಡಬೇಕು? ಗಾಳಿಯನ್ನು. ನ್ಯೂಮನ್ ಗಾಳಿಯನ್ನು ಬೇಡಲಿಲ್ಲ. ದೂರದ ದಡ ಕಾಣಿಸೆಂದೂ ಕೇಳಲಿಲ್ಲ. ಒಂದು ಹೆಜ್ಜೆಗೆ ಸಾಲುವಷ್ಟು ಬೆಳಕು ಸಾಕೆಂದ. ಆ ಬೆಳಕನ್ನು ಕರೆಯುವಾಗಲೂ ಅದರ ಶಕ್ತಿಯನ್ನು ಹೊಗಳಲಿಲ್ಲ. ಅದರ ಸ್ವಭಾವವನ್ನು ಹಿಡಿದು ಕರೆದ. ಆ ಸ್ವಭಾವಕ್ಕೆ ಬಿ.ಎಂ.ಶ್ರೀಯವರು ಕೊಟ್ಟ ಕನ್ನಡ ಮಾತು ‘ಕರುಣಾಳು’.

ನಮ್ಮ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ದಿನದಿನವೂ ಪ್ರಾರ್ಥಿಸುವವರು ದೇವರನ್ನು ಬರಬರುತ್ತ ಹೆಚ್ಚು ಬಲ್ಲವರಾಗುತ್ತಾರೆಯೇ? ಅಥವಾ ತಮ್ಮ ಆಸೆಗಳ ಪಟ್ಟಿಯನ್ನು ಮಾತ್ರ ಹೆಚ್ಚು ಹೆಚ್ಚು ಬಲ್ಲವರಾಗುತ್ತಾರೆಯೇ? ಮೂವತ್ತು ವರ್ಷ ತಪ್ಪದೆ ಪ್ರಾರ್ಥಿಸಿದ ಮೇಲೂ ದೇವರು ಎಂಥವನು ಎಂದು ಕೇಳಿದರೆ ಹೇಳಲು ನಮ್ಮಲ್ಲಿ ಏನೂ ಇಲ್ಲದಿದ್ದರೆ, ಆ ಮೂವತ್ತು ವರ್ಷ ನಾವು ಮಾತಾಡಿದ್ದು ಯಾರೊಡನೆ?

‘ಪ್ರಾರ್ಥನೆ’ ಎಂಬ ಮಾತೇ ಬೇಡಿಕೆಯಿಂದ ಬಂದದ್ದು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಕೇಳಿಕೊಳ್ಳುವುದು. ಇಂಗ್ಲಿಷಿನ ಮಾತಿಗೂ ಲ್ಯಾಟಿನ್ ಮೂಲದಲ್ಲಿ ಅದೇ ಅರ್ಥ. ಆದ್ದರಿಂದ ನಾವು ದೇವರ ಮುಂದೆ ಅರ್ಜಿ ಹಿಡಿದು ನಿಲ್ಲುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಮಗನಿಗೆ ಇಂಜಿನಿಯರಿಂಗ್ ಸೀಟು, ಮಗಳಿಗೆ ಸಂಬಂಧ, ಯಜಮಾನರ ಸಕ್ಕರೆ ಕಾಯಿಲೆ, ಅಂಬತ್ತೂರಿನ ನಿವೇಶನದ ವ್ಯಾಜ್ಯ. ನಮ್ಮ ಚೆನ್ನೈಯಲ್ಲಿ ಮಂಗಳವಾರ ಅರ್ಮೇನಿಯನ್ ಬೀದಿಯ ಕಡೆ ಹೋದವರು ಸಂತ ಅಂತೋಣಿಯವರ ಸನ್ನಿಧಿಯ ಜನಸಂದಣಿಯನ್ನು ನೋಡಿಯೇ ಇರುತ್ತಾರೆ. ಆಗಸ್ಟ್ ಕೊನೆಯಲ್ಲಿ ಬೆಸೆಂಟ್ ನಗರದ ವೇಳಾಂಗಣ್ಣಿ ಮಾತೆಯ ಉತ್ಸವಕ್ಕೆ ಬರಿಗಾಲಲ್ಲಿ ನಡೆದು ಬರುವವರಲ್ಲಿ ಕುಂಕುಮವಿಟ್ಟ ತಾಯಂದಿರೂ ಇರುತ್ತಾರೆ. ಹರಕೆಗೆ ಜಾತಿ ಮತಗಳ ಗೋಡೆಯಿಲ್ಲ. ಇದನ್ನು ಕೀಳೆಂದು ನಗುವ ಪಂಡಿತರ ಜೊತೆ ನಾವು ಸೇರಲಾರೆವು. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಆ ದಿನದ ಅನ್ನವನ್ನು ಕೇಳುವ ಮಾತಿದೆ. 2019ರ ಬೇಸಿಗೆಯಲ್ಲಿ ಈ ಊರಿಗೆ ನೀರು ಕೊಡುವ ಕೆರೆಗಳು ಬತ್ತಿಹೋಗಿ, ಟ್ಯಾಂಕರ್ ಲಾರಿಯ ಮುಂದೆ ಕೊಡಗಳ ಸಾಲು ನಿಂತಾಗ, ಗುಡಿಗಳಲ್ಲಿ ಯಾಗವೂ ಚರ್ಚುಗಳಲ್ಲಿ ಪ್ರಾರ್ಥನೆಯೂ ನಡೆದವು. ಹಸಿದವನಿಗೆ ‘ಬೇಡಬೇಡ’ ಎನ್ನುವ ಧರ್ಮ ಯಾವ ಧರ್ಮ?

ಆದರೂ ಅರ್ಜಿಗೆ ಒಂದು ಮಿತಿಯುಂಟು. ಸರ್ಕಾರಿ ಕಚೇರಿಗೆ ಇಪ್ಪತ್ತು ವರ್ಷ ಅರ್ಜಿ ಹಾಕಿದವನಿಗೆ ಆ ಕಚೇರಿಯ ಕಿಟಕಿಗಳು, ಮುದ್ರೆಗಳು, ಗುಮಾಸ್ತರು ಊಟಕ್ಕೆ ಏಳುವ ಹೊತ್ತು ಎಲ್ಲವೂ ಗೊತ್ತಾಗುತ್ತವೆ. ಒಳಗಿನ ಕೋಣೆಯ ಅಧಿಕಾರಿ ಎಂಥ ಮನುಷ್ಯನೆಂಬುದು ಮಾತ್ರ ಗೊತ್ತಾಗುವುದಿಲ್ಲ. ಕೆಲಸವಾದರೆ ಒಳ್ಳೆಯವನು, ಆಗದಿದ್ದರೆ ಕೆಟ್ಟವನು. ದೇವರ ವಿಷಯದಲ್ಲಿಯೂ ನಮ್ಮ ತಿಳಿವಳಿಕೆ ಅನೇಕ ವೇಳೆ ಇಷ್ಟರಲ್ಲೇ ನಿಂತುಬಿಡುತ್ತದೆ.

ನಮ್ಮ ಊರಿನಲ್ಲಿಯೇ ಇರುವ ಒಂದು ಕಲ್ಲಿನ ಕಡೆಗೆ ಓದುಗರ ಗಮನ ಸೆಳೆಯಬಯಸುತ್ತೇವೆ. ಪರಂಗಿಮಲೈ ಎಂದು ತಮಿಳರು ಕರೆಯುವ ಸೇಂಟ್ ಥಾಮಸ್ ಮೌಂಟಿನ ಮೇಲಣ ಚರ್ಚಿನಲ್ಲಿ ಕಲ್ಲಿನಲ್ಲಿ ಕೊರೆದ ಶಿಲುಬೆಯೊಂದಿದೆ. 1547ರಲ್ಲಿ ಪೋರ್ಚುಗೀಸರು ಅಲ್ಲಿ ಕಟ್ಟಡಕ್ಕೆಂದು ಅಗೆಯುವಾಗ ದೊರೆತದ್ದು. ಅದರ ಸುತ್ತ ಹಳೆಯ ಪಾರಸಿಕ ಭಾಷೆಯಾದ ಪಹ್ಲವಿಯಲ್ಲಿ ಕೆಲವೇ ಮಾತುಗಳ ಶಾಸನವಿದೆ. ಸಾವಿರ ವರ್ಷಕ್ಕೂ ಹಿಂದಿನದೆಂದು ವಿದ್ವಾಂಸರ ಎಣಿಕೆ. ಇದನ್ನು ಓದಲು ಯತ್ನಿಸಿದ ಬರ್ನೆಲ್ಲನ ಪುಸ್ತಿಕೆ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಆಮೇಲೆ ಓದಿದವರ ಪಾಠಗಳು ಒಂದಕ್ಕೊಂದು ಹೊಂದುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಿಂಕ್‌ವರ್ತ್ ಎಂಬ ವಿದ್ವಾಂಸ ಮಾಡಿದ ಪಾಠದ ಪ್ರಕಾರ, ಶಿಲುಬೆಯನ್ನು ಕೊರೆದವನು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಹೇಳಿ, ತನ್ನ ಮೇಲೆ ಕರುಣೆಯಿರಲೆಂದು ಕ್ರಿಸ್ತನನ್ನು ಬೇಡುತ್ತಾನೆ. ಈ ಪಾಠ ಸರಿಯಾದುದಾದರೆ, ಸಮುದ್ರ ದಾಟಿ ಬಂದು ಪರದೇಶದಲ್ಲಿ ನೆಲೆನಿಂತ ಆ ಮನುಷ್ಯ ಕಲ್ಲಿನಲ್ಲಿ ಉಳಿಸಬೇಕೆಂದುಕೊಂಡ ಬೇಡಿಕೆ ಒಂದೇ. ವ್ಯಾಪಾರದ ಲಾಭವಲ್ಲ, ಕ್ಷೇಮವಾಗಿ ಊರಿಗೆ ಮರಳುವುದಲ್ಲ. ದೇವರು ತನ್ನ ಸ್ವಭಾವಕ್ಕೆ ತಕ್ಕಂತೆ ತನ್ನೊಡನೆ ನಡೆದುಕೊಳ್ಳಲಿ ಎಂಬುದು. ಊರು ಬಿಟ್ಟು ಬಂದು ಇಲ್ಲಿ ಮನೆ ಮಾಡಿಕೊಂಡ ನಮಗೆ ಆ ಕಲ್ಲುಕುಟಿಗನ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿದರೆ ಯಾರೂ ಆಕ್ಷೇಪಿಸಲಾರರು.

ಈಗ ಯೇಸು ಕಲಿಸಿದ ಪ್ರಾರ್ಥನೆಯನ್ನೇ ನೋಡೋಣ. ಒಂದು ನಿಮಿಷದೊಳಗೆ ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. ಅದರಲ್ಲಿ ಬೇಡಿಕೆಗಳಿರುವುದು ನಿಜ. ಆದರೆ ಮೊದಲ ಮೂರು ಬೇಡಿಕೆಗಳು ದೇವರ ಹೆಸರು, ದೇವರ ರಾಜ್ಯ, ದೇವರ ಇಷ್ಟ ಇವುಗಳನ್ನು ಕುರಿತವು. ನಮ್ಮ ಅನ್ನದ ಮಾತು ಅವುಗಳ ಹಿಂದೆ ಬರುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ಆ ಪ್ರಾರ್ಥನೆಯಲ್ಲಿ ‘ನಾನು’ ಎಂಬ ಮಾತಿಲ್ಲ, ‘ನನ್ನ’ ಎಂಬುದಿಲ್ಲ. ಕದ ಮುಚ್ಚಿಕೊಂಡು ಒಂಟಿಯಾಗಿ ಪ್ರಾರ್ಥಿಸು ಎಂದು ಹೇಳಿದವನೇ, ಒಂಟಿಯಾಗಿ ಕುಳಿತಾಗಲೂ ‘ನಮ್ಮ’ ಎನ್ನಲು ಕಲಿಸಿದ.

ಈ ‘ನಮ್ಮ’ ಎಂಬುದರಲ್ಲಿ ಚೆನ್ನೈ ಕನ್ನಡಿಗರಾದ ನಮಗೆ ಮಾತ್ರ ಕಾಣುವ ಒಂದು ಸ್ವಾರಸ್ಯವಿದೆ. ತಮಿಳಿನಲ್ಲಿ ‘ನಾವು’ ಎನ್ನಲು ಎರಡು ಮಾತುಗಳುಂಟು. ಕೇಳುತ್ತಿರುವವನನ್ನೂ ಸೇರಿಸಿಕೊಂಡರೆ ‘ನಾಂ’. ಅವನನ್ನು ಬಿಟ್ಟು ಉಳಿದವರಾದರೆ ‘ನಾಂಗಳ್’. ತುಳುವಿನಲ್ಲಿಯೂ ‘ನಮ’, ‘ಎಂಕುಲು’ ಎಂದು ಈ ಭೇದವಿದೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರು ಇದರಲ್ಲಿ ಎಡವದೆ ಇರುವುದಿಲ್ಲ. ಮನೆಗೆ ಬಂದ ತಮಿಳು ಅತಿಥಿಯನ್ನು ಎದುರಿಗೆ ಕೂರಿಸಿಕೊಂಡು ‘ನಾಂ ಊಟಕ್ಕೆ ಹೊರಟೆವು’ ಎಂದರೆ ಅವನೂ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾನೆ! ತಮಿಳು ಕ್ರೈಸ್ತರು ದೇವರನ್ನು ತಂದೆಯೆಂದು ಕರೆಯುವಾಗ ‘ಎಂಗಳ್’ ಎನ್ನುತ್ತಾರೆ. ಕೇಳುತ್ತಿರುವವನು ದೇವರು, ಅವನು ತನಗೆ ತಾನೇ ತಂದೆಯಾಗಲಾರನಷ್ಟೆ. ಆದ್ದರಿಂದ ವ್ಯಾಕರಣ ಅವನನ್ನು ಹೊರಗಿಡುತ್ತದೆ. ಅದು ಸರಿಯಾದುದೇ. ಕನ್ನಡಕ್ಕೆ ಈ ನಾಜೂಕು ಇಲ್ಲ. ನಮ್ಮ ‘ನಮ್ಮ’ದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ವ್ಯಾಕರಣ ತೀರ್ಮಾನಿಸದು, ಹೇಳುವವನ ಮನಸ್ಸು ತೀರ್ಮಾನಿಸಬೇಕು. ದಿನವೂ ಇದನ್ನು ಹೇಳುವವರಿಗೆ ದಿನವೂ ಬರುವ ಪ್ರಶ್ನೆ ಇದು. ‘ನಮ್ಮ ತಂದೆ’ ಎಂದಾಗ ಆ ‘ನಮ್ಮ’ದಲ್ಲಿ ಮೇಲಿನ ಮಹಡಿಯ ಜಗಳಗಂಟ ಮನೆಯವರು ಇದ್ದಾರೆಯೇ? ಮನೆ ಕೆಲಸಕ್ಕೆ ಬರುವ ಅಮ್ಮ ಇದ್ದಾರೆಯೇ? ನಮ್ಮ ಮೇಲೆ ವ್ಯಾಜ್ಯ ಹೂಡಿದ ದಾಯಾದಿ ಇದ್ದಾನೆಯೇ? ತಂದೆ ಎಂಬುದು ಬರಿಯ ಪ್ರೀತಿಯ ಸಂಬೋಧನೆಯಾಗಿದ್ದರೆ ಸುಲಭವಿತ್ತು. ಒಬ್ಬನನ್ನು ತಂದೆಯೆಂದು ಕರೆದೊಡನೆ ಅವನ ಉಳಿದ ಮಕ್ಕಳೆಲ್ಲ ನಮಗೆ ಒಡಹುಟ್ಟಿದವರಾಗಿಬಿಡುತ್ತಾರೆ. ತೊಡಕಿರುವುದು ಅಲ್ಲಿ.

ದೇವರ ಸ್ವಭಾವವನ್ನು ಹೇಳುವ ಮಾತುಗಳಲ್ಲಿ ಕನ್ನಡ ಬೈಬಲು ನಮ್ಮ ನುಡಿಗೆ ಕೊಟ್ಟ ಒಂದು ಮಾತಿದೆ. ಕ್ರೈಸ್ತರಲ್ಲದ ಕನ್ನಡಿಗರು ಅದನ್ನು ಹೆಚ್ಚಾಗಿ ಕೇಳಿರುವುದಿಲ್ಲ. ಆ ಮಾತು ‘ದೀರ್ಘಶಾಂತಿ’. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಇಪ್ಪತ್ತು ವರ್ಷ ಕನ್ನಡದೊಡನೆ ಹೆಣಗಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆಮೇಲೆ ಎಷ್ಟೋ ಕೈಗಳು ಆ ಅನುವಾದವನ್ನು ತಿದ್ದಿವೆ. ‘ದೀರ್ಘಶಾಂತಿ’ ಎಂದರೆ ಬೇಗ ಕೋಪಕ್ಕೆ ಬಾರದಿರುವುದು, ಬಹುಕಾಲ ತಾಳಿಕೊಳ್ಳುವುದು. ತಮಿಳು ಬೈಬಲಿನಲ್ಲಿಯೂ ಇದಕ್ಕೆ ಸರಿಯಾಗಿ ‘ನೀಡಿಯ ಸಾಂತಂ’ ಎಂದಿದೆ.

ಮೂಲದ ಹೀಬ್ರೂ ಮಾತನ್ನು ಅಕ್ಷರಶಃ ಅನುವಾದಿಸಿದರೆ ನಗು ಬರುತ್ತದೆ: ‘ಉದ್ದ ಮೂಗಿನವನು’. ಹೀಬ್ರೂವಿನಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಶಬ್ದ. ಕೋಪ ಬಂದವನ ಮೂಗು ಬಿಸಿಯಾಗುತ್ತದೆಂಬುದು ಅವರ ಕಲ್ಪನೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮುಂಗೋಪಿಯನ್ನು ನಾವು ‘ಅವನಿಗೆ ಮೂಗಿನ ತುದಿಯಲ್ಲೇ ಕೋಪ’ ಎನ್ನುವುದಿಲ್ಲವೇ? ದೇವರ ಮೂಗು ಉದ್ದ. ಕೋಪ ಅದರ ತುದಿಯನ್ನು ಮುಟ್ಟಬೇಕಾದರೆ ಬಹಳ ಹೊತ್ತು ಹಿಡಿಯುತ್ತದೆ. ಯೆಹೂದ್ಯರ ಮರುಭೂಮಿಗೂ ನಮ್ಮ ಹಳ್ಳಿಯ ಜಗಲಿಗೂ ಹೀಗೊಂದು ನಂಟು ಎಲ್ಲಿಂದ ಬಂತೋ!

ಈ ಮಾತು ಬರುವ ಸಂದರ್ಭವೂ ಗಂಭೀರವಾದದ್ದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಜನ, ಮೋಶೆ ಬೆಟ್ಟದಿಂದ ಇಳಿಯುವುದು ತಡವಾಯಿತೆಂದು ಚಿನ್ನದ ಕರು ಮಾಡಿ ಕುಣಿದರು. ಮೋಶೆ ಆಜ್ಞೆಗಳ ಕಲ್ಲುಹಲಗೆಗಳನ್ನು ಒಡೆದುಹಾಕಿದ. ಅಷ್ಟೆಲ್ಲ ಆದ ಮೇಲೆ ಎರಡನೆಯ ಸಲ ಬೆಟ್ಟ ಹತ್ತಿದಾಗ, ದೇವರು ತನ್ನ ಹೆಸರನ್ನು ತಾನೇ ಸಾರಿ ಹೇಳುತ್ತಾನೆ. ಹೆಸರೆಂದರೆ ಕನಿಕರ, ದಯೆ, ದೀರ್ಘಶಾಂತಿಗಳೇ. ಅಪರಾಧ ಮಾಡಿದವನಿಗೆ ದಂಡನೆ ತಪ್ಪದೆಂಬ ಮಾತೂ ಅದರೊಡನೆಯೇ ಇದೆ. ಅದನ್ನು ಮುಚ್ಚಿಟ್ಟು ಹೇಳುವುದು ಪ್ರಾಮಾಣಿಕತೆಯಲ್ಲ. ಆದರೆ ಕರುಣೆ ಮೊದಲು ಬರುತ್ತದೆ, ಬಹುದೂರ ಹೋಗುತ್ತದೆ. ದ್ರೋಹ ನಡೆದ ಮಾರನೆಯ ದಿನ ಹೇಳಿದ ಮಾತಾದ್ದರಿಂದ ಅದಕ್ಕೆ ತೂಕ.

ದೇವರ ಈ ಸ್ವಭಾವವನ್ನು ಚೆನ್ನಾಗಿ ಬಲ್ಲ ಒಬ್ಬ ಮನುಷ್ಯ ಬೈಬಲಿನಲ್ಲಿದ್ದಾನೆ. ಅವನು ಅದರಿಂದ ಸಂತೋಷಪಡಲಿಲ್ಲ, ಸಿಟ್ಟಾದ. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದನೆಂದು ಮಕ್ಕಳಿಗೆಲ್ಲ ಗೊತ್ತಿರುವ ಯೋನನೇ ಅವನು. ಮೀನಿನ ಕತೆಯೇ ದೊಡ್ಡದಾಗಿ, ಕೊನೆಯ ಅಧ್ಯಾಯವನ್ನು ಯಾರೂ ಓದುವುದಿಲ್ಲ. ನಿನೆವೆ ಪಟ್ಟಣ ಯೋನನ ಜನರ ವೈರಿಗಳಾದ ಅಶ್ಶೂರರದು. ಅಲ್ಲಿಗೆ ಹೋಗಿ ನಾಶದ ಎಚ್ಚರಿಕೆ ಸಾರೆಂದು ಅಪ್ಪಣೆಯಾದಾಗ ಅವನು ಓಡಿಹೋಗಿದ್ದ. ಕಡೆಗೆ ಹೋಗಿ ಸಾರಿದ, ಪಟ್ಟಣ ಪಶ್ಚಾತ್ತಾಪಪಟ್ಟಿತು, ದೇವರು ಕೋಪ ಬಿಟ್ಟ. ಆಗ ಯೋನ ಪ್ರಾರ್ಥಿಸುತ್ತಾನೆ. ಸಿಟ್ಟಿನ ಪ್ರಾರ್ಥನೆ. ನೀನು ಕನಿಕರವುಳ್ಳವನು, ದೀರ್ಘಶಾಂತಿಯುಳ್ಳವನು ಎಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕಾಗಿಯೇ ನಾನು ಓಡಿದ್ದು ಎಂಬುದು ಅದರ ಸಾರ. ಬೆಟ್ಟದ ಮೇಲೆ ಮೋಶೆಗೆ ಪ್ರಕಟವಾದ ಅದೇ ಗುಣಗಳನ್ನು ಯೋನ ದೂರಿನ ಪಟ್ಟಿಯಂತೆ ದೇವರ ಮುಖಕ್ಕೆ ಹಿಡಿಯುತ್ತಾನೆ. ತನ್ನ ಮೇಲೆ ಕರುಣೆಯಿರಬೇಕು, ತನ್ನ ವೈರಿಯ ಮೇಲೆ ಇರಕೂಡದು! ದೇವರು ಅವನಿಗೆ ಒಂದು ಪ್ರಶ್ನೆ ಕೇಳುವಲ್ಲಿಗೆ ಪುಸ್ತಕ ನಿಂತುಹೋಗುತ್ತದೆ. ಯೋನನ ಉತ್ತರ ನಮಗೆ ಸಿಗುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ದೇವರ ಸ್ವಭಾವದ ಅರಿವು ಎಂಬುದಕ್ಕೆ ಒರೆಗಲ್ಲು ಇದೇ. ದೇವರು ಕರುಣಾಮಯನೆಂದು ಹಾಡುವುದು ಕಷ್ಟವಲ್ಲ. ಆ ಕರುಣೆ ನಮಗೆ ಆಗದವನ ಮನೆಯ ಬಾಗಿಲನ್ನೂ ತಟ್ಟುವುದೆಂದು ಮನಸ್ಸಿಗೆ ಹತ್ತಿದಾಗ, ಯೋನನ ಹಾಗೆ ನಮಗೂ ಕಸಿವಿಸಿಯಾಗುತ್ತದೆ. ಆ ಕಸಿವಿಸಿ ಒಮ್ಮೆಯೂ ಆಗದಿದ್ದರೆ ನಾವು ಪ್ರಾರ್ಥಿಸುತ್ತಿರುವುದು ನಮ್ಮದೇ ಪ್ರತಿಬಿಂಬವನ್ನು ಎಂದು ಸಂಶಯಪಡಬೇಕು. ನಮ್ಮ ಇಷ್ಟಾನಿಷ್ಟಗಳಿಗೆಲ್ಲ ಹೂಂಗುಟ್ಟುವ ದೇವರು ಕನ್ನಡಿಯೊಳಗಿನ ದೇವರು.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಈ ಊರಿನಲ್ಲಿ ಕುಳಿತು ಬರೆಯುವವರಿಗಂತೂ ಸಾಧ್ಯವಿಲ್ಲ. 2004ರ ಡಿಸೆಂಬರ್ 26, ಕ್ರಿಸ್‌ಮಸ್ಸಿನ ಮಾರನೆಯ ದಿನ, ಭಾನುವಾರ ಬೆಳಿಗ್ಗೆ. ಸುನಾಮಿ ಮೆರೀನಾ ತೀರಕ್ಕೆ ನುಗ್ಗಿತು. ಗಾಳಿ ಸೇವನೆಗೆ ಬಂದವರು, ಮರಳಿನಲ್ಲಿ ಆಡುತ್ತಿದ್ದ ಮಕ್ಕಳು, ತೀರದ ಗುಡಿಸಲುಗಳ ಮೀನುಗಾರರು ಕೊಚ್ಚಿಹೋದರು. ದಕ್ಷಿಣದಲ್ಲಿ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕ್ರಿಸ್‌ಮಸ್ಸಿಗೆಂದು ವೇಳಾಂಗಣ್ಣಿಗೆ ಬಂದು, ಸಮುದ್ರತೀರದಲ್ಲಿದ್ದ ನೂರಾರು ಯಾತ್ರಿಕರೂ ಅವರಲ್ಲಿ ಸೇರಿದ್ದರು. ಅಲ್ಲಿ ನೀರು ದೇವಾಲಯದ ಒಳಗೆ ಬರಲಿಲ್ಲ. ಇಲ್ಲಿ ಸಾಂತೋಮಿನ ಬೆಸಿಲಿಕಾಕ್ಕೂ ಹಾನಿಯಾಗಲಿಲ್ಲ. ಚರ್ಚಿನ ಹಿಂದೆ, ಸಮುದ್ರದ ಕಡೆಗೆ, ಒಂದು ಕಂಬವಿದೆ. ಕಡಲು ಅದನ್ನು ದಾಟದೆಂದು ಸಂತ ತೋಮಾ ನೆಟ್ಟನೆಂಬ ಐತಿಹ್ಯವುಂಟು. ಆ ದಿನಗಳಲ್ಲಿ ಈ ಕಂಬದ ಮಾತು ಪತ್ರಿಕೆಗಳಲ್ಲಿಯೂ ಬಂತು, ಬಾಯಿಂದ ಬಾಯಿಗೂ ಹರಡಿತು. ದೇವರು ತನ್ನ ಮನೆಯನ್ನು ಕಾಪಾಡಿಕೊಂಡ ಎಂದರು.

ಹಾಗೆ ಹೇಳಿದವರ ಭಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಮಾತು ದೇವರ ಸ್ವಭಾವದ ಬಗ್ಗೆ ಏನು ಹೇಳುತ್ತದೆಂದು ನಿಂತು ಯೋಚಿಸಬೇಕು. ಕಲ್ಲು ಗಾರೆಯ ಗೋಡೆಯನ್ನು ಉಳಿಸಿಕೊಂಡು, ಆ ಗೋಡೆಯೊಳಗೆ ಹಿಂದಿನ ದಿನವಷ್ಟೇ ಮೊಣಕಾಲೂರಿದ್ದ ತಾಯಿಯನ್ನೂ ಕೂಸನ್ನೂ ಅಲೆಗೆ ಬಿಟ್ಟವನು ಎಂಥವನಾದಾನು? ಅಂಥ ಯಜಮಾನನನ್ನು ನಾವು ನಮ್ಮ ಬೀದಿಯಲ್ಲಿ ಕಂಡರೆ ಮಾತನಾಡಿಸುತ್ತೇವೆಯೇ? ದೇವರನ್ನು ಹೊಗಳುವ ಆತುರದಲ್ಲಿ ಆಡುವ ಕೆಲವು ಮಾತುಗಳು, ಬೈಗಳಿಗಿಂತ ಹೆಚ್ಚಾಗಿ ಅವನ ಮುಖವನ್ನು ಮಸಿ ಮಾಡುತ್ತವೆ. ಸತ್ತವರೇಕೆ ಸತ್ತರು ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಉತ್ತರವಿದೆ ಎಂದವರು ಹೇಳಿದ ಯಾವ ಉತ್ತರವೂ ಮಗುವನ್ನು ಕಳೆದುಕೊಂಡವರ ಮುಂದೆ ಹೇಳುವಂಥದಾಗಿರಲಿಲ್ಲ. ಅದೇ ದಿನಗಳಲ್ಲಿ ಸಾಂತೋಮಿನ ಚರ್ಚು ಗುಡಿಸಲು ಕಳೆದುಕೊಂಡವರಿಗೆ ಆಸರೆಯಾಯಿತು. ಕಂಬದ ಕತೆಗಿಂತ ಆ ತೆರೆದ ಬಾಗಿಲಲ್ಲಿ ಕ್ರಿಸ್ತನ ದೇವರ ಸ್ವಭಾವ ಹೆಚ್ಚು ಕಂಡಿತೆಂದು ನಮ್ಮ ಎಣಿಕೆ.

ಅಂಥ ದಿನ ಪ್ರಾರ್ಥಿಸುವುದು ಹೇಗೆ? ಬೈಬಲಿನ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಗೋಳಿನ ಕೀರ್ತನೆಗಳೆಂಬುದನ್ನು ಇಲ್ಲಿ ನೆನೆಯಬೇಕು. ಏಕೆ ಮುಖ ಮರೆಸಿಕೊಂಡೆ, ಎಷ್ಟು ಕಾಲ ಹೀಗೆ ಎಂದು ದೇವರ ಮೇಲೆಯೇ ದೂರು. ಶಿಲುಬೆಯ ಮೇಲೆ ಯೇಸು ಕೂಗಿದ್ದು ಅಂಥದೇ ಒಂದು ಕೀರ್ತನೆಯ, ಇಪ್ಪತ್ತೆರಡನೆಯದರ, ಮೊದಲ ಮಾತನ್ನು. ಇದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ದಾಸರೂ ಶರಣರೂ ದೇವರೊಡನೆ ಜಗಳವಾಡಿದವರೇ. ನಿಂದಾಸ್ತುತಿ ಎಂದು ಅದಕ್ಕೊಂದು ಹೆಸರನ್ನೇ ಇಟ್ಟಿದ್ದೇವೆ. ಮನೆಯ ಹಿರಿಯರನ್ನು ‘ನೀವು’ ಎನ್ನುವ ನಾವು ದೇವರನ್ನು ‘ನೀನು’ ಎಂದೇ ಕರೆಯುತ್ತೇವೆ. ಜಗಳವಾಡುವಷ್ಟು ಸಲಿಗೆ ಇರಲೆಂದೇ ಹಾಗೆ ಮಾಡಿಕೊಂಡಂತಿದೆ. ಒಬ್ಬನ ಸ್ವಭಾವದಲ್ಲಿ ನಂಬಿಕೆಯಿದ್ದರೆ ತಾನೆ ‘ನೀನು ಹೀಗೆ ಮಾಡಬಹುದೇ’ ಎಂದು ಕೇಳುವುದು? ಕಟುಕನನ್ನು ಯಾರೂ ಹಾಗೆ ಕೇಳುವುದಿಲ್ಲ.

ಇನ್ನು ನಿತ್ಯದ ವಿಷಯ. ಸುನಾಮಿ ದಿನವೂ ಬರುವುದಿಲ್ಲ. ಬಸ್ಸು ದಿನವೂ ತಡವಾಗುತ್ತದೆ. ನುಂಗಂಬಾಕ್ಕಂನ ಲೊಯೋಲಾ ಕಾಲೇಜು 1925ರಲ್ಲಿ ಸ್ಥಾಪನೆಯಾದಂದಿನಿಂದ ಅಲ್ಲಿ ಓದಿದ ಕನ್ನಡ ಹುಡುಗರ ಸಂಖ್ಯೆ ಕಡಮೆಯದಲ್ಲ. ಆ ಕಾಲೇಜಿಗೆ ಹೆಸರು ಕೊಟ್ಟ ಇಗ್ನೇಷಿಯಸ್ ಲೊಯೋಲಾ ಮೊದಲು ಸೈನಿಕನಾಗಿದ್ದವನು. 1548ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ದಿನವನ್ನು ಪರೀಕ್ಷಿಸಿ ನೋಡುವ ಒಂದು ಅಭ್ಯಾಸವನ್ನು ಅವನು ಹೇಳುತ್ತಾನೆ. ಮೊದಲು ಪಡೆದ ಒಳ್ಳೆಯದಕ್ಕೆ ಕೃತಜ್ಞತೆ. ಆಮೇಲೆ ತನ್ನನ್ನು ತಾನು ನೋಡಿಕೊಳ್ಳಲು ಬೆಳಕು ಬೇಡುವುದು. ಬಳಿಕ ಎದ್ದ ಗಳಿಗೆಯಿಂದ ಗಂಟೆ ಗಂಟೆಯನ್ನೂ ಲೆಕ್ಕ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದಿಕೊಳ್ಳಲು ಸಂಕಲ್ಪಿಸುವುದು. ಸೈನಿಕನಾಗಿದ್ದವನಿಗೆ ತಕ್ಕ ಶಿಸ್ತು. ಆದರೆ ಕ್ರಮವನ್ನು ಗಮನಿಸಿ: ತಪ್ಪಿನ ಲೆಕ್ಕ ಬರುವುದು ಮೂರನೆಯದಾಗಿ. ಕೊಟ್ಟವನು ಎಂಥವನೆಂದು ನೆನೆದ ಮೇಲೆ ಮಾತ್ರ ತೆಗೆದುಕೊಂಡವನ ತಪ್ಪನ್ನು ನೋಡಬೇಕು. ಹಿಂದುಮುಂದಾದರೆ ಪ್ರಾರ್ಥನೆ ಬರಿಯ ತನ್ನ ಹುಣ್ಣು ಕೆರೆದುಕೊಳ್ಳುವ ಕೆಲಸವಾಗುತ್ತದೆ.

ಈ ಕ್ರಮವನ್ನು ನಾವು ನಮ್ಮ ಮನೆಗಳಲ್ಲಿ ಹೇಗೆ ನಡೆಸಬಹುದು? ದೊಡ್ಡ ಏರ್ಪಾಟೇನೂ ಬೇಕಿಲ್ಲ. ಒಂದು ವಾರಕ್ಕೆ ಒಂದು ಮಾತನ್ನು ಇಟ್ಟುಕೊಳ್ಳೋಣ; ‘ದೀರ್ಘಶಾಂತಿ’ ಎಂದೇ ಇಟ್ಟುಕೊಳ್ಳೋಣ. ಬೆಳಿಗ್ಗೆ ಅದನ್ನು ದೇವರ ಗುಣವೆಂದು ನೆನೆದು, ‘ನೀನು ಇಂಥವನು’ ಎಂದು ಹೇಳಿ ಮನೆ ಬಿಡುವುದು. ಟಿ. ನಗರದ ಬಸ್ಸಿನಲ್ಲಿ ಕಾಲು ತುಳಿದವನನ್ನು, ಬ್ಯಾಂಕಿನಲ್ಲಿ ನಾಳೆ ಬನ್ನಿ ಎಂದವನನ್ನು, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ಮನೆಯ ಅಜ್ಜಿಯನ್ನು ಎದುರಿಸುವುದು. ರಾತ್ರಿ ಮಲಗುವ ಮುನ್ನ ಎರಡನ್ನೂ ಎದುರುಬದುರಾಗಿ ಇಟ್ಟು ನೋಡುವುದು: ಇಂದು ಎಷ್ಟು ಸಲ ನಮ್ಮನ್ನು ಯಾರು ಯಾರು ತಾಳಿಕೊಂಡರು? ನಾವು ಯಾರನ್ನು ತಾಳಿಕೊಂಡೆವು? ಮೊದಲನೆಯ ಪಟ್ಟಿ ಯಾವಾಗಲೂ ಉದ್ದವಾಗಿರುತ್ತದೆ. ನಮ್ಮನ್ನು ತಾಳಿಕೊಂಡವರು ಅದನ್ನು ಹೇಳಿಕೊಳ್ಳುವುದಿಲ್ಲವಾದ್ದರಿಂದ ಅದು ನಮಗೆ ತಿಳಿಯುವುದು ತಡವಾಗಿ. ಅಜ್ಜಿಯೇ ನಮ್ಮನ್ನು ಬಾಲ್ಯದಲ್ಲಿ ಎಷ್ಟು ಪ್ರಶ್ನೆಗಳಿಗೆ ತಾಳಿಕೊಂಡಿದ್ದಳೆಂಬುದು ಆಗ ನೆನಪಾಗುತ್ತದೆ. ದೇವರ ಗುಣವೊಂದು ಪುಸ್ತಕದ ಶಬ್ದವಾಗಿದ್ದದ್ದು ಹೀಗೆ ಮುಖವುಳ್ಳದ್ದಾಗುತ್ತ ಹೋಗುತ್ತದೆ.

ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ಇದೇ ಬಗೆಯ ಅಭ್ಯಾಸ ನಡೆಸಿದ. ಅವನಿಗೆ ಅಡುಗೆ ಕೆಲಸ ಇಷ್ಟವಿರಲಿಲ್ಲವಂತೆ. ನಮ್ಮ ಮನೆಗಳ ಹೆಂಗಸರಿಗೆ ಇಷ್ಟವಿದೆಯೇ ಎಂದು ನಾವು ಯಾರೂ ಕೇಳಿದವರಲ್ಲ. ಒಲೆಯ ಮುಂದೆ ನಿಂತು ಮನಸ್ಸಿನಲ್ಲೇ ಪ್ರಾರ್ಥಿಸುವವರು ಅವರಲ್ಲಿ ಎಷ್ಟು ಜನರೋ, ಅವರ ಮಾತನ್ನು ಯಾರೂ ಪುಸ್ತಕ ಮಾಡಲಿಲ್ಲ.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಮ್ಮ ಕಡೆಯಿಂದ ಏನಾದರೂ ಆಗಬೇಕೆಂದು ಕೇಳುವ ಮಾತು ಒಂದೇ ಒಂದಿದೆ, ಅದು ಕ್ಷಮೆಯ ಮಾತು. ನಾವು ಇತರರನ್ನು ಕ್ಷಮಿಸಿದ ಅಳತೆಯನ್ನೇ ದೇವರ ಮುಂದಿಟ್ಟು ನಮಗೂ ಕ್ಷಮೆ ಕೇಳಬೇಕು. ಮತ್ತಾಯನ ಗ್ರೀಕ್ ಮೂಲದಲ್ಲಿ ಇಲ್ಲಿರುವ ಶಬ್ದ ‘ಸಾಲ’ ಎಂಬ ಅರ್ಥದ್ದು. ಲೂಕನ ಪಾಠದಲ್ಲಿ ‘ಪಾಪ’ ಎಂದಿದೆ. ಋಣ ಎಂಬ ಮಾತಿನೊಡನೆ ಹುಟ್ಟಿ ಬೆಳೆದ ನಮಗೆ ಮತ್ತಾಯನ ಪಾಠವೇ ಹೆಚ್ಚು ಹತ್ತಿರ.

ಆ ಸಾಲದ ಮೇಲೆಯೇ ಯೇಸು ಒಂದು ಕತೆ ಹೇಳಿದ್ದಾನೆ. ಅರಸನಿಗೆ ಒಬ್ಬ ಸೇವಕ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿತ್ತು. ಒಂದು ತಲಾಂತೆಂದರೆ ಸುಮಾರು ಆರು ಸಾವಿರ ದಿನಗಳ ಕೂಲಿ. ಒಟ್ಟು ಆರು ಕೋಟಿ ದಿನಗಳ ಕೂಲಿ. ತೀರಿಸಲು ಸಾಧ್ಯವೇ ಇಲ್ಲದ ಸಾಲವೆಂದು ತೋರಿಸಲೆಂದೇ ಇಟ್ಟ ಲೆಕ್ಕ ಅದು. ಸೇವಕ ಕಾಲಿಗೆ ಬಿದ್ದು, ಸ್ವಲ್ಪ ತಾಳಿಕೊಳ್ಳಿ ಎಂದು ಬೇಡಿದ. ಅರಸ ತಾಳಿಕೊಂಡದ್ದಷ್ಟೇ ಅಲ್ಲ, ಸಾಲವನ್ನೇ ಬಿಟ್ಟುಬಿಟ್ಟ. ಹೊರಗೆ ಬಂದ ಸೇವಕನಿಗೆ ತನಗೆ ನೂರು ದಿನದ ಕೂಲಿಯಷ್ಟು ಸಾಲ ಕೊಡಬೇಕಾದ ಜೊತೆಗಾರ ಸಿಕ್ಕಿದ. ಇವನು ಅವನ ಕುತ್ತಿಗೆ ಹಿಡಿದ. ಆ ಜೊತೆಗಾರನೂ ಕಾಲಿಗೆ ಬಿದ್ದು ಹೇಳಿದ್ದು ಅದೇ ಮಾತು, ಸ್ವಲ್ಪ ತಾಳಿಕೋ ಎಂದು. ಗ್ರೀಕಿನಲ್ಲಿ ಇಬ್ಬರ ಬಾಯಲ್ಲೂ ಬರುವುದು ನಾವು ‘ದೀರ್ಘಶಾಂತಿ’ ಎಂದೆವಲ್ಲ, ಆ ಗುಣದ ಧಾತುವೇ. ಅರ್ಧ ಗಂಟೆಯ ಹಿಂದೆ ತಾನೇ ಆಡಿದ ಮಾತನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಸೇವಕನಿಗೆ ಗುರುತು ಹತ್ತಲಿಲ್ಲ.

ನೂರು ದಿನದ ಕೂಲಿ ಸಣ್ಣ ಮೊತ್ತವೇನೂ ಅಲ್ಲ. ಮೂರು ತಿಂಗಳ ಸಂಬಳ. ನಮಗೆ ಆದ ಅನ್ಯಾಯವೇ ಸುಳ್ಳೆಂದು ಕತೆ ಹೇಳುವುದಿಲ್ಲ. ತಂದೆ ತೀರಿಕೊಂಡ ಮೇಲೆ ಮನೆ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬಳಗದಲ್ಲಿಯೂ ಇದ್ದಾರೆ. ಒಬ್ಬರು ಅಡೆಯಾರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ನಡುವೆ ರೈಲಿನಲ್ಲಿ ಐದಾರು ಗಂಟೆಯ ಹಾದಿ. ಇಬ್ಬರೂ ದಿನವೂ ತಪ್ಪದೆ ಪ್ರಾರ್ಥಿಸುವವರೇ ಇರಬಹುದು. ಪ್ರಾರ್ಥನೆ ಆ ಮಾತಿನ ಬಳಿಗೆ ಬಂದಾಗ ನಾಲಗೆ ಒಂದು ಕ್ಷಣ ತಡವರಿಸಿದರೆ, ಅಲ್ಲಿಂದ ಮುಂದಕ್ಕೆ ಅವಸರಪಡದೆ ನಿಲ್ಲುವುದು ಒಳ್ಳೆಯದು. ಮುಂದಿನ ಮಾತು ಕಾಯುತ್ತದೆ. ಅಷ್ಟರಲ್ಲಿ ಒಂದು ಕಾಗದ ಬರೆಯಬಹುದು, ಇಲ್ಲವೇ ಫೋನ್ ಮಾಡಬಹುದು.